ಪ್ರಯೋಗಾಲಯ ದಾಟಿ ಅಡಿಕೆ ತೋಟಕ್ಕೆ ಬರಬೇಕಾದ ರೇಡಿಯೊ

ತುಮಕೂರು ಜಿಲ್ಲೆಯ ಗುಬ್ಬಿ, ಕುಣಿಗಲ್ ಕಡೆಯ ತೋಟಗಳಿಗೆ ಮೊಬೈಲ್ ಸ್ಟಾರ್ಟರ್ ಹೊಸದಲ್ಲ. ಮನೆಯಲ್ಲೇ ಕೂತು ಫೋನಿನಿಂದ ಬೋರ್‌ವೆಲ್ ಮೋಟರ್ ಹಾಕಬಹುದು, ನಿಲ್ಲಿಸಬಹುದು. ಆದರೆ ಅದಕ್ಕೊಂದು ಸಿಮ್ ಬೇಕು, ರೀಚಾರ್ಜ್ ಬೇಕು, ಟವರ್ ಸಿಗಬೇಕು. ತೋಟದ ಹತ್ತು ಕಡೆ ಮಣ್ಣಿನ ತೇವ ಅಳೆಯಲು ಹತ್ತು ಸಿಮ್ ಹಾಕಿದರೆ ಗಿಟ್ಟುವುದಿಲ್ಲ. ಅಲ್ಲಿಗೆ ಹೊಂದುವುದು ಲೋರಾದಂಥ ರೇಡಿಯೊ ತಂತ್ರಜ್ಞಾನ. ಅದು ಪುಟ್ಟ ಸಂದೇಶವನ್ನಷ್ಟೇ ಆಗೊಮ್ಮೆ ಈಗೊಮ್ಮೆ ಕಳಿಸುತ್ತದೆ, ಹಾಗಾಗಿ ಸಣ್ಣ ಬ್ಯಾಟರಿಯಲ್ಲೇ ವರ್ಷಗಟ್ಟಲೆ ನಡೆಯಬಲ್ಲದು. ಬಯಲಿನಲ್ಲಿ ಕಿಲೋಮೀಟರ್‌ಗಟ್ಟಲೆ ತಲುಪುತ್ತದೆ. ಭಾರತದಲ್ಲಿ ಅದು ಬಳಸುವ 865–868 ಮೆಗಾಹರ್ಟ್ಸ್ ತರಂಗಗುಚ್ಛಕ್ಕೆ ಲೈಸೆನ್ಸ್ ಶುಲ್ಕವಿಲ್ಲ.

ಇಂಥ ತೇವಮಾಪಕದ ಮಾದರಿಯೊಂದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಾಲೇಜಿನ ಲ್ಯಾಬ್‌ನಲ್ಲೇ ಜೋಡಿಸಬಲ್ಲರು. ಕಷ್ಟ ಶುರುವಾಗುವುದು ಆಮೇಲೆ. ಮಳೆಗಾಲದಲ್ಲಿ ಅಡಿಕೆ, ತೆಂಗಿನ ಗರಿಗಳು ನೀರು ಹೊತ್ತು ನಿಂತಾಗ ರೇಡಿಯೊ ತರಂಗ ಸೊರಗುತ್ತದೆ. ಬಯಲಿನಲ್ಲಿ ಸಿಕ್ಕ ದೂರ ತೋಟದೊಳಗೆ ಸಿಗುವುದಿಲ್ಲ. ಡಬ್ಬಿಯೊಳಗೆ ಇರುವೆ ಗೂಡು ಕಟ್ಟುತ್ತದೆ, ಸಿಡಿಲಿಗೆ ಬೋರ್ಡ್ ಸುಡುತ್ತದೆ. ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಅನುಮತಿಯೇ ಬೇಡವೆಂದಲ್ಲ: ಮಾರುವ ಮುನ್ನ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ ಇಟಿಎ ಎಂಬ ಅನುಮೋದನೆ ಪಡೆಯಬೇಕು. ಅದಕ್ಕೆ ಮಾನ್ಯತೆ ಪಡೆದ ಲ್ಯಾಬಿನ ಪರೀಕ್ಷಾ ವರದಿ ಕೇಳುತ್ತಾರೆ. ಬಹಳಷ್ಟು ಒಳ್ಳೆಯ ಮಾದರಿಗಳು ಕಾಲೇಜಿನ ಬೀರುವಿನಲ್ಲಿ ಉಳಿದುಬಿಡುವುದು ಈ ಹಂತದಲ್ಲೇ.

ಹೊಸ ಕಂಪನಿಗಳಿಗೆ ಆಸರೆಯಾಗುವ ಇನ್ನೋವೇಷನ್ ಹಬ್‌ಗಳ ನಿಜವಾದ ಕೆಲಸ ಇರುವುದೂ ಇಲ್ಲೇ. ಸ್ಪೆಕ್ಟ್ರಮ್ ಅನಲೈಸರ್‌ನಂಥ ದುಬಾರಿ ಉಪಕರಣವನ್ನು ನಾಲ್ಕು ಜನರ ಕಂಪನಿ ಕೊಳ್ಳಲಾರದು. ಹಬ್ ಅಂಥದ್ದೊಂದನ್ನು ಕೊಂಡು ಎಲ್ಲರಿಗೂ ಕೊಡುತ್ತದೆ. ಪೇಟೆಂಟ್, ಪ್ರಮಾಣಪತ್ರದ ದಾರಿ ಬಲ್ಲವರನ್ನು ಜೊತೆಗಿಡುತ್ತದೆ. ಇಷ್ಟಕ್ಕೂ ಮಿಗಿಲಾಗಿ, ಮೊದಲ ಗಿರಾಕಿಯನ್ನು ಹುಡುಕಿಕೊಡುತ್ತದೆ. ನನ್ನ ಪ್ರಕಾರ ಹಣಕ್ಕಿಂತ ಅದೇ ದೊಡ್ಡ ನೆರವು.

ಇಂಥ ಆಸರೆಗೆ ಬೆಂಗಳೂರಿನ ಆಸ್ಟ್ರೋಮ್ ಕಂಪನಿ ಒಂದು ಉದಾಹರಣೆ. ನೇಹಾ ಸಾತಕ್ ಅದರ ಸಹಸ್ಥಾಪಕಿ. ಭಾರತೀಯ ವಿಜ್ಞಾನ ಸಂಸ್ಥೆಯ ಆಸರೆಯಲ್ಲಿ ಬೆಳೆದ ಈ ತಂಡ ಮೊದಲು ಉಪಗ್ರಹ ಇಂಟರ್ನೆಟ್‌ನ ಕನಸು ಹೊತ್ತಿತ್ತು. ಆಮೇಲೆ ಅದೇ ಮಿಲಿಮೀಟರ್ ತರಂಗದ ವಿದ್ಯೆಯನ್ನು ನೆಲಕ್ಕಿಳಿಸಿ ‘ಗಿಗಾಮೆಶ್’ ಮಾಡಿತು. ಒಂದೇ ರೇಡಿಯೊ ಹಲವು ಟವರ್‌ಗಳ ಜೊತೆ ಏಕಕಾಲಕ್ಕೆ ಮಾತಾಡುತ್ತದೆ. ಕೇಬಲ್‌ಗಾಗಿ ಊರೂರು ಅಗೆಯಬೇಕಿಲ್ಲ. 2018ರಲ್ಲಿ ಲ್ಯಾಬಿನಲ್ಲಿ ಸಾಬೀತಾದದ್ದು ಮಾರಾಟದ ಸರಕಾಗಲು ವರ್ಷಗಳೇ ಹಿಡಿದವು. ಆ ನಡುವಿನ ಕಾಲವನ್ನು ದಾಟಿಸಲು ಸಂಸ್ಥೆಯೊಂದರ ಆಸರೆ, ಸರ್ಕಾರದ ಅನುದಾನ ಎರಡೂ ಬೇಕಾದವು.

ಅನುದಾನದ ಬಾಗಿಲುಗಳು ಈಗ ಹಲವಿವೆ. ಕೇಂದ್ರ ಸಂಪುಟ 2018ರಲ್ಲಿ 3,660 ಕೋಟಿ ರೂಪಾಯಿಯ ರಾಷ್ಟ್ರೀಯ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರಡಿ ಹುಟ್ಟಿದ 25 ಹಬ್‌ಗಳಲ್ಲಿ ಸುಧಾರಿತ ಸಂವಹನ ವ್ಯವಸ್ಥೆಗೆಂದೇ ಇರುವುದು ಟ್ರಿಪಲ್ ಐಟಿ ಬೆಂಗಳೂರಿನ ಕಾಮೆಟ್ ಫೌಂಡೇಷನ್. ರಾಜ್ಯ ಸರ್ಕಾರದ ‘ಎಲಿವೇಟ್’ ಸ್ಪರ್ಧೆಯಲ್ಲಿ ಗೆದ್ದವರಿಗೆ 50 ಲಕ್ಷದವರೆಗೆ ಸಿಗುತ್ತದೆ.

ತುಮಕೂರಿಗೆ ಬೆಂಗಳೂರು ಎಪ್ಪತ್ತು ಕಿಲೋಮೀಟರ್. ದುಬಾರಿ ಉಪಕರಣಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅದನ್ನೇ ಇಲ್ಲಿ ಮತ್ತೆ ಕಟ್ಟಬೇಕಿಲ್ಲ. ಆದರೆ ಬೆಂಗಳೂರಿನಲ್ಲಿ ಒಟ್ಟಿಗೆ ಸಿಗದ್ದು ಇಲ್ಲಿದೆ. 1963ರಿಂದ ಎಂಜಿನಿಯರ್‌ಗಳನ್ನು ತಯಾರು ಮಾಡುತ್ತಿರುವ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವಿದೆ, ವಸಂತನರಸಾಪುರದ ಕಾರ್ಖಾನೆಗಳಿವೆ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಘಟಕವಿದೆ. ಇವೆಲ್ಲದರ ಸುತ್ತ ತೋಟಗಳಿವೆ. ಹಾಗಾಗಿ ಇಲ್ಲಿ ಬೇಕಾದ ಹಬ್ ಎಸಿ ಕೋಣೆಯ ಸಾಲು ಕುರ್ಚಿಗಳಲ್ಲ. ಒಪ್ಪಿದ ಇಪ್ಪತ್ತು ರೈತರ ತೋಟದಲ್ಲಿ ಎರಡು ಮಳೆಗಾಲ ಯಂತ್ರ ನಿಲ್ಲಿಸಿ, ಕೆಟ್ಟದ್ದನ್ನು ದಾಖಲಿಸಿ, ಸರಿಮಾಡಿ ಮತ್ತೆ ನಿಲ್ಲಿಸುವ ವ್ಯವಸ್ಥೆ ಬೇಕು.

ಮೊದಲ ಗಿರಾಕಿ ರೈತನೇ ಆಗಬೇಕೆಂದಿಲ್ಲ. ಹೇಮಾವತಿ ನಾಲೆಯ ನೀರಿನ ಪಾಲಿಗಾಗಿ ಗುಬ್ಬಿಯಲ್ಲೂ ಕುಣಿಗಲ್‌ನಲ್ಲೂ ಹೋರಾಟ ನಡೆದಿದೆ. ನಾಲೆಯುದ್ದಕ್ಕೂ ಮಟ್ಟ ಅಳೆಯುವ ವೈರ್‌ಲೆಸ್ ಮಾಪಕ ಹಾಕಿಸಿ, ಗಂಟೆಗೊಮ್ಮೆ ಬರುವ ಲೆಕ್ಕವನ್ನು ಎರಡೂ ತಾಲ್ಲೂಕಿನವರಿಗೆ ಕಾಣುವಂತೆ ಇಡುವ ಟೆಂಡರನ್ನು ನೀರಾವರಿ ಇಲಾಖೆ ಸ್ಥಳೀಯ ನವೋದ್ಯಮಕ್ಕೆ ಕೊಟ್ಟರೆ, ಆ ಕಂಪನಿಗೆ ಮೊದಲ ಆರ್ಡರ್ ಸಿಗುತ್ತದೆ, ರೈತರಿಗೆ ನೀರಿನ ಲೆಕ್ಕ ಸಿಗುತ್ತದೆ.