ಮುಸ್ಲಿಂ ದೇಶಗಳಲ್ಲಿ ಸಂವಿಧಾನವೇ ಇಲ್ಲವೇ? ಐದು ತಪ್ಪು ಕಲ್ಪನೆ, ಐದು ಸತ್ಯ

ನವಲಗುಂದ ತಾಲೂಕಿನ ಯಮನೂರಿನ ಸನ್ನಿಧಿಗೆ ಹಿಂದೂಗಳು ಚಾಂಗದೇವ ಎಂದು, ಮುಸ್ಲಿಮರು ರಾಜಾಬಾಗ್ ಸವಾರ್ ಎಂದು ನಡೆದುಕೊಳ್ಳುತ್ತಾರೆ. ಜಾತ್ರೆಗೆ ಬಂದವರು ಬೆಣ್ಣಿಹಳ್ಳದಲ್ಲಿ ಮಿಂದು ಒಂದೇ ಕಡೆ ಕೈಮುಗಿಯುತ್ತಾರೆ. ಇಷ್ಟು ಹೊಂದಿ ಬಾಳಿದ ಸೀಮೆಯಲ್ಲೂ ಮುಸ್ಲಿಂ ದೇಶಗಳ ಕಾನೂನಿನ ವಿಷಯ ಬಂದರೆ, ಮೊಬೈಲಿಗೆ ಬಂದ ಸಂದೇಶವನ್ನೇ ನಿಜವೆಂದು ನಂಬುವವರಿದ್ದಾರೆ. ಆ ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ನಂಬಿಕೆ 1: ಅಲ್ಲಿ ಕುರಾನೇ ಎಲ್ಲ, ಸಂವಿಧಾನ ಇಲ್ಲ.

ಸತ್ಯ: ಟ್ಯುನೀಷಿಯಾ 1861ರಲ್ಲಿ, ಆಟೋಮನ್ ಸಾಮ್ರಾಜ್ಯ 1876ರಲ್ಲಿ, ಇರಾನ್ 1906ರಲ್ಲಿ ಲಿಖಿತ ಸಂವಿಧಾನ ಪಡೆದವು. ಕುರಾನ್ ಮತ್ತು ಪ್ರವಾದಿಯ ನಡೆನುಡಿಯಾದ ಸುನ್ನತ್ತೇ ದೇಶದ ಸಂವಿಧಾನವೆಂದು ಸೌದಿ ಅರೇಬಿಯಾದ 1992ರ ಮೂಲ ಕಾಯ್ದೆ ಮೊದಲ ಕಲಮಿನಲ್ಲೇ ಹೇಳುತ್ತದೆ. ಆದರೆ ಆ ಒಂದು ದೇಶದ ವ್ಯವಸ್ಥೆಯನ್ನು ಎಲ್ಲ ಮುಸ್ಲಿಂ ದೇಶಗಳಿಗೂ ಅನ್ವಯಿಸುವುದು ತಪ್ಪು.

ನಂಬಿಕೆ 2: ಮುಸ್ಲಿಮರು ಹೆಚ್ಚಿದ್ದರೆ ಇಸ್ಲಾಂ ಅಲ್ಲಿನ ರಾಜ್ಯಧರ್ಮ.

ಸತ್ಯ: ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲಿ ಒಂದಾದ ಇಂಡೋನೇಷ್ಯಾ 1945ರ ಸಂವಿಧಾನದಲ್ಲಿ ಇಸ್ಲಾಮನ್ನು ರಾಜ್ಯಧರ್ಮ ಮಾಡಲಿಲ್ಲ, ಪಂಚಶೀಲ ಎಂಬ ತನ್ನದೇ ಐದು ತತ್ವಗಳನ್ನು ತಳಹದಿ ಮಾಡಿಕೊಂಡಿತು. ಟರ್ಕಿ 1928ರಲ್ಲಿ ರಾಜ್ಯಧರ್ಮದ ಮಾತನ್ನೇ ಸಂವಿಧಾನದಿಂದ ತೆಗೆಯಿತು. ಸೆನೆಗಲ್ ಜಾತ್ಯತೀತ ಗಣರಾಜ್ಯ. ಪಾಕಿಸ್ತಾನ, ಮಲೇಷ್ಯಾ, ಈಜಿಪ್ಟ್ ಇಸ್ಲಾಮಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟಿವೆ. ಆದರೆ ಆ ಸ್ಥಾನ ಮೂರೂ ಕಡೆ ಒಂದೇ ಬಗೆಯದಲ್ಲ.

ನಂಬಿಕೆ 3: ಅಲ್ಲಿನ ಕೋರ್ಟುಗಳು ಶರಿಯತ್ ಬಿಟ್ಟು ಬೇರೇನನ್ನೂ ನೋಡುವುದಿಲ್ಲ, ಅನ್ಯಧರ್ಮೀಯರಿಗೆ ನ್ಯಾಯವಿಲ್ಲ.

ಸತ್ಯ: ಮಲೇಷ್ಯಾದ ಹಿಂದೂ ಮಹಿಳೆ ಇಂದಿರಾ ಗಾಂಧಿ ಮುತ್ತು ಅವರ ಗಂಡ ಮತಾಂತರಗೊಂಡು, ಆಕೆಯ ಒಪ್ಪಿಗೆ ಕೇಳದೆ ಮಕ್ಕಳನ್ನೂ ಇಸ್ಲಾಮಿಗೆ ಸೇರಿಸಿದ್ದ. ತಂದೆತಾಯಿಯಲ್ಲಿ ಒಬ್ಬರು ಒಪ್ಪದಿದ್ದರೂ ಮಕ್ಕಳ ಮತಾಂತರ ಅಸಿಂಧು ಎಂದು ಅಲ್ಲಿನ ಫೆಡರಲ್ ಕೋರ್ಟ್ 2018ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷ ಅಕ್ಟೋಬರ್ 31ರಂದು ಪಾಕಿಸ್ತಾನದ ಸುಪ್ರೀಂ ಕೋರ್ಟ್, ಧರ್ಮನಿಂದನೆಯ ಆರೋಪದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕ್ರೈಸ್ತ ಮಹಿಳೆ ಆಸಿಯಾ ಬೀಬಿಯನ್ನು ಖುಲಾಸೆ ಮಾಡಿತು.

ಇನ್ನೊಂದು ಮುಖವನ್ನೂ ಮರೆಯಬಾರದು. ಆಸಿಯಾ ಸುಮಾರು ಎಂಟು ವರ್ಷ ಮರಣದಂಡನೆಯ ನೆರಳಿನಲ್ಲಿ ಕಳೆದರು. ಗೆದ್ದು ವರ್ಷಗಳಾದರೂ ಇಂದಿರಾ ಅವರಿಗೆ ಕಿರಿಯ ಮಗಳು ಮರಳಿ ಸಿಗಲಿಲ್ಲ. ತೀರ್ಪು ಜಾರಿಯಾದಾಗಲೇ ನ್ಯಾಯ ಪೂರ್ತಿಯಾಗುವುದು.

ನಂಬಿಕೆ 4: ನಮ್ಮ ಸಂವಿಧಾನಕ್ಕೂ ಆ ದೇಶಗಳಿಗೂ ಯಾವ ನಂಟೂ ಇಲ್ಲ.

ಸತ್ಯ: ನಂಟಿದೆ, ಅದು ಕಾಸರಗೋಡಿನ ಎಡನೀರು ಮಠದಿಂದ ಶುರುವಾಗುತ್ತದೆ. ಕೇರಳದ ಭೂಸುಧಾರಣೆ ಕಾಯ್ದೆಯ ವಿರುದ್ಧ ಆ ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ, ಸಂಸತ್ತು ತಿದ್ದುಪಡಿ ಮಾಡಬಹುದು, ಆದರೆ ಸಂವಿಧಾನದ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದಿತು.

ಈ ತತ್ವ ಗಡಿಯನ್ನೂ ದಾಟಿತು. 1988ರಲ್ಲಿ ಬಾಂಗ್ಲಾದೇಶ ಸಂವಿಧಾನದ ಎಂಟನೇ ತಿದ್ದುಪಡಿ ಇಸ್ಲಾಮನ್ನು ರಾಜ್ಯಧರ್ಮ ಮಾಡಿತು, ಜೊತೆಗೆ ಹೈಕೋರ್ಟನ್ನು ಹಲವು ಊರುಗಳಿಗೆ ಹಂಚಿತು. ಮರುವರ್ಷ ಢಾಕಾದ ಸುಪ್ರೀಂ ಕೋರ್ಟ್ ಮೂಲ ರಚನೆಯ ತತ್ವ ಹಿಡಿದು ಹೈಕೋರ್ಟ್ ಹಂಚಿಕೆಯನ್ನು ರದ್ದು ಮಾಡಿತು. 2015ರಲ್ಲಿ ಪಾಕಿಸ್ತಾನದ ಸುಪ್ರೀಂ ಕೋರ್ಟಿನಲ್ಲೂ ಈ ತತ್ವ ಚರ್ಚೆಗೆ ಬಂತು. ಇಂದಿರಾ ಅವರ ತೀರ್ಪಿನಲ್ಲಿ ಮಲೇಷ್ಯಾದ ನ್ಯಾಯಾಲಯವೂ ಇದನ್ನು ಆಧಾರವಾಗಿ ಹಿಡಿಯಿತು. ಕನ್ನಡದ ಮಠಾಧೀಶರೊಬ್ಬರ ಮೊಕದ್ದಮೆಯಲ್ಲಿ ಬೆಳೆದ ವಿಚಾರ ಮುಸ್ಲಿಂ ದೇಶದ ಹಿಂದೂ ತಾಯಿಯ ಬೆನ್ನಿಗೆ ನಿಂತಿತು. ನಾವು ಅಭಿಮಾನದಿಂದ ಹೇಳಿಕೊಳ್ಳಬೇಕಾದ ಸಂಗತಿ ಇದು.

ನಂಬಿಕೆ 5: ಕಾನೂನಿನ ಆಳ್ವಿಕೆ ಕುಸಿದರೆ ಅದಕ್ಕೆ ಧರ್ಮವೇ ಕಾರಣ.

ಸತ್ಯ: ಕೆಲವು ಕಡೆ ಹೌದು. ಇರಾನಿನಲ್ಲಿ 12 ಸದಸ್ಯರ ರಕ್ಷಕ ಮಂಡಳಿ ಒಪ್ಪದವರು ಸಂಸತ್ತಿನ ಚುನಾವಣೆಗೆ ನಿಲ್ಲುವಂತಿಲ್ಲ. 2021ರ ನಂತರ ಅಫ್ಘಾನಿಸ್ತಾನದಲ್ಲಿ ತಾಲಿಬಾನಿನ ಆಜ್ಞೆಯೇ ಕಾನೂನು. ಆದರೆ ಪಾಕಿಸ್ತಾನದಲ್ಲಿ 1958, 1977, 1999ರಲ್ಲಿ ಸಂವಿಧಾನವನ್ನು ಪಕ್ಕಕ್ಕೆ ಸರಿಸಿದ್ದು ಸೇನೆ. 2007ರಲ್ಲಿ ಆಗಿನ ಅಧ್ಯಕ್ಷ ಮುಷರಫ್ ನ್ಯಾಯಮೂರ್ತಿಗಳನ್ನು ಹೊರಹಾಕಿದಾಗ ಬೀದಿಗಿಳಿದವರು ಅಲ್ಲಿನ ವಕೀಲರು. 2009ರ ಮಾರ್ಚಿನಲ್ಲಿ ಮುಖ್ಯ ನ್ಯಾಯಮೂರ್ತಿ ಮರಳಿ ಪೀಠವೇರುವವರೆಗೂ ಅವರು ಪಟ್ಟು ಬಿಡಲಿಲ್ಲ.

ಅಧಿಕಾರ ಅಂಕೆ ಮೀರಿದರೆ ಏನಾಗುತ್ತದೆಂದು ನಮಗೂ ಗೊತ್ತು. 1975ರ ತುರ್ತುಪರಿಸ್ಥಿತಿ ನಮ್ಮದೇ ದೇಶದ್ದು. 2016ರ ಜುಲೈನಲ್ಲಿ ಮಹದಾಯಿ ನದಿ ನೀರಿನ ಹೋರಾಟದ ಹೊತ್ತಿನಲ್ಲಿ ಪೊಲೀಸರು ಹಳ್ಳಿಗರನ್ನು ಹೊಡೆದದ್ದು ಇದೇ ಯಮನೂರಿನಲ್ಲಿ.

ಆದ್ದರಿಂದ ಯಾವ ದೇಶದ ಬಗ್ಗೆ ಮಾತಾಡುವಾಗಲೂ ಮೂರು ಪ್ರಶ್ನೆ ಕೇಳಿ: ಆಳುವವರು ಕೋರ್ಟಿನ ಮಾತು ಕೇಳುತ್ತಾರೆಯೇ? ಕಡಿಮೆ ಸಂಖ್ಯೆಯವರು ಹೆದರದೆ ಕೋರ್ಟಿನ ಮೆಟ್ಟಿಲು ಹತ್ತಬಲ್ಲರೇ? ಲಾಠಿ ಹಿಡಿದವನನ್ನು ಲೆಕ್ಕ ಕೇಳುವವರಿದ್ದಾರೆಯೇ? ಢಾಕಾಕ್ಕೆ, ಇಸ್ಲಾಮಾಬಾದಿಗೆ ಕೇಳುವ ಈ ಪ್ರಶ್ನೆಗಳನ್ನು ದಿಲ್ಲಿಗೂ ಬೆಂಗಳೂರಿಗೂ ಅಷ್ಟೇ ಗಟ್ಟಿಯಾಗಿ ಕೇಳುವುದು ನಮ್ಮ ಕರ್ತವ್ಯ.