ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು ನಮ್ಮ ‘ಆರತಿ’!

ಒಂಬತ್ತು!

ಲೆಕ್ಕದ ಮೇಷ್ಟ್ರನ್ನು ಕೇಳಿದರೆ ಎಂಟಕ್ಕೆ ಒಂದು ಕೂಡಿಸಿದರೆ ಬರುವ ಅಂಕಿ. ಗಾಂಧಿಕ್ಲಾಸನ್ನು ಕೇಳಿದರೆ ಅಂಕಿಯಲ್ಲ, ಬೈಗುಳ. ಬೆಳ್ಳಿತೆರೆಯ ಮೇಲೆ ಹಾಸ್ಯನಟನೊಬ್ಬ ಸೊಂಟ ಬಳುಕಿಸಿ, ಚಪ್ಪಾಳೆ ತಟ್ಟಿ, ನಾಯಕನ ಗಲ್ಲ ಸವರಿದನೋ ಇಲ್ಲವೋ, ಸಿಳ್ಳೆಯ ಜೊತೆಗೆ ಆ ಅಂಕಿಯೂ ಹಾರಿ ಬರುತ್ತಿತ್ತು. ಹಾರಿಸಿದವರಲ್ಲಿ ನಾನೂ ಒಬ್ಬ. ಸುಳ್ಳು ಯಾಕೆ ಹೇಳಲಿ?

ಚಿತ್ರಪತ್ರಿಕೆಯಲ್ಲಿ ಇದೇನಪ್ಪ ಹೊಸ ಪುರಾಣ ಅನ್ನಬೇಡಿ, ಓದುಗ ಮಿತ್ರರೇ. ಇದೂ ಸಿನಿಮಾ ಕಥೆಯೇ. ಸ್ವಲ್ಪ ಹಿಂದಕ್ಕೆ ಬನ್ನಿ.

1981. ‘ಅಂತ’ ಬಂದ ವರ್ಷ. ಅಂಬರೀಶ್ ಅವರ ದೊಡ್ಡರಸಿನಕೆರೆ ನಮ್ಮ ಮದ್ದೂರು ತಾಲ್ಲೂಕೇ ಅಲ್ಲವೆ? ಸ್ಕೂಲಿನ ಹಿಂದಿನ ಕಬ್ಬಿನ ಗದ್ದೆ ಬದುವಿನ ಮೇಲೆ ನಾವೆಲ್ಲ ಕನ್ವರ್‌ಲಾಲ್‌ಗಳು! ಒಬ್ಬ ಹುಡುಗ ಮಾತ್ರ ಅದೇ ವರ್ಷದ ‘ರಂಗನಾಯಕಿ’ಯ ಆರತಿ. ಟವೆಲ್ಲೇ ಸೆರಗು. ಅವನು ಕಣ್ಣೆತ್ತಿ ನೋಡುವ ರೀತಿಗೆ ನಾವು ನಗುವುದನ್ನೂ ಮರೆಯುತ್ತಿದ್ದೆವು.

ಮಂಡ್ಯ ಸೀಮೆಯ ಹಳ್ಳಿಗಳಿಗೆ ಕುರುಕ್ಷೇತ್ರ ನಾಟಕದ ಹುಚ್ಚು ಎಷ್ಟು ಅಂತ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಗದ್ದೆ ಅಡ ಇಟ್ಟು ದುರ್ಯೋಧನನ ಪಾರ್ಟು ಹಾಕಿದವರಿದ್ದಾರೆ. ನಮ್ಮೂರಲ್ಲಿ ಒಂದು ವರ್ಷ ಕರಾರಿನ ನಟಿ ಕೈಕೊಟ್ಟಾಗ ಡ್ರಾಮಾ ಮೇಷ್ಟ್ರು ಇವನಿಗೇ ದ್ರೌಪದಿ ಪಾರ್ಟು ಕೊಟ್ಟರು. ಏನು ಅಭಿನಯ ಅಂತೀರಿ! ಊರ ಗೌಡರೇ ಸ್ಟೇಜು ಹತ್ತಿ ಸೀರೆಗೆ ನೋಟು ಚುಚ್ಚಿದರು. ಬೆಳಗಾಯಿತು. ಬಣ್ಣ ತೊಳೆದುಕೊಂಡು ಅವನು ಅರಳಿಕಟ್ಟೆ ಮುಂದೆ ಹಾದು ಹೋದಾಗ ಒಂದು ದನಿ ಕೂಗಿತು:

“ಒಂಬತ್ತು ಹೋಯ್ತದೆ ನೋಡ್ಲಾ!”

‘ಹೋಯ್ತಾನೆ’ ಅಲ್ಲ, ‘ಹೋಯ್ತಾಳೆ’ ಅಲ್ಲ... ‘ಹೋಯ್ತದೆ’. ದನ ಹೋದ ಹಾಗೆ. ಆ ದನಿ ನನ್ನದು. ಕಟ್ಟೆಯೆಲ್ಲ ನಕ್ಕಿತು. ಮುಂದಿನ ಸುಗ್ಗಿಯ ಹೊತ್ತಿಗೆ ಅವನು ಊರಲ್ಲಿರಲಿಲ್ಲ.

* * *

ಈಗ ಮೊನ್ನೆಗೆ ಬನ್ನಿ. ಮದ್ದೂರು ಬಸ್‌ಸ್ಟ್ಯಾಂಡು. ಕೈಯಲ್ಲಿ ಕಾಗದ ಸುತ್ತಿದ ವಡೆ, ಎದುರಿಗೆ ಮಳವಳ್ಳಿ ಬಸ್ಸು. ಹತ್ತಿ ಕೂತೆ. ಪಕ್ಕದಲ್ಲಿ ಹಸಿರು ರೇಷ್ಮೆ ಸೀರೆಯ, ಐವತ್ತು ದಾಟಿದ ಹೆಂಗಸು. “ಒಸಿ ಜರುಗಿ” ಅಂದರು, ಜರುಗಿದೆ. ಆಮೇಲೆ ಕಣ್ಣೆತ್ತಿ ನೋಡಿದರು...

“ಯಾಕ್ಲಾ, ಗುರ್ತು ಸಿಗ್ನಿಲ್ವಾ?”

ಅದೇ ಕಣ್ಣು! ರಂಗನಾಯಕಿಯ ಕಣ್ಣು!

“ಏನ್ಲಾ...” ಅಂದವನು ಅಲ್ಲೇ ತಡವರಿಸಿದೆ. ನೋಡಿ, ನಮ್ಮ ಮಂಡ್ಯ ಮಾತಿನ ಫಜೀತಿ! ಬಾಯಿ ತೆರೆದರೆ ಗಂಡಿಗೆ ‘ಲಾ’, ಹೆಣ್ಣಿಗೆ ‘ಅಮ್ಮಿ’. ನಡುವೆ ಜಾಗವೇ ಇಲ್ಲ. ಅವಳೇ ನಕ್ಕು ದಾರಿ ತೋರಿಸಿದಳು: “ಅಮ್ಮಿ ಅನ್ನು, ಸಾಕು.”

ಕಂಡಕ್ಟರ್ ಬಂದರು. 2023ರ ಜೂನ್ 11ರಿಂದ ನಡೆದಿರುವ ಶಕ್ತಿ ಯೋಜನೆಯಲ್ಲಿ ಹೆಂಗಸರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಬಿಟ್ಟಿ ಟಿಕೀಟು ಎಂದು ಸರ್ಕಾರವೇ ಸೇರಿಸಿದೆ. ಕಾರ್ಡು ನೋಡಿದ ಆತ ಕೇಳಿದ್ದು ಏನೂ ಇಲ್ಲ. “ತಗಳವ್ವ” ಅಂತ ಚೀಟಿ ಹರಿದು ಕೊಟ್ಟು ಮುಂದೆ ಹೋದರು. ಅವಳು ಆ ಚೀಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು. ದುಡ್ಡು ಉಳಿದದ್ದಕ್ಕಲ್ಲ ಅಂತ ನನಗನ್ನಿಸಿತು.

ನಾನು ಪತ್ರಕರ್ತ ನೋಡಿ, ಬಾಯಿ ಸುಮ್ಮನಿರದು. “ಹಂಗಾರೆ ನೀನು... ಗೇ ಅಂತಾರಲ್ಲ, ಅದಾ?” ಅಂದೆ.

“ಸಿನಿಮಾ ಪತ್ರಿಕೇಲಿ ಬರೀತೀಯ, ‘ನಾನು ಅವನಲ್ಲ ಅವಳು’ ನೋಡ್ನಿಲ್ವಾ?”

ನೋಡಿದ್ದೆ. ಬರೆದೂ ಇದ್ದೆ! 2015ರಲ್ಲಿ ತೆರೆಕಂಡ, ಬಿ.ಎಸ್. ಲಿಂಗದೇವರು ನಿರ್ದೇಶನದ ಚಿತ್ರ. ತಮಿಳುನಾಡಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧಾರ. ಆ ಪಾತ್ರಕ್ಕೆ ಸಂಚಾರಿ ವಿಜಯ್‌ಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು, ಪ್ರಸಾಧನಕ್ಕೂ ಬಂತು. ಪ್ರಶಸ್ತಿ, ಮೇಕಪ್ಪು ಎಲ್ಲ ಬರೆದಿದ್ದೆ. ಹೆಸರಿನಲ್ಲಿ ಏನು ಹೇಳಿದ್ದಾರೆ ಅನ್ನುವುದನ್ನೇ ಓದಿರಲಿಲ್ಲ. (2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ವಿಜಯ್ ತೀರಿಕೊಂಡಾಗ ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದರು. ಎಂಥ ನಟನನ್ನು ಕಳೆದುಕೊಂಡೆವು!)

“ನಾನು ಯಾರು ಅನ್ನೋದು ಒಂದು, ಯಾರ ಮೇಲೆ ಮನಸ್ಸು ಅನ್ನೋದು ಇನ್ನೊಂದು. ನೀನು ಎರಡನ್ನೂ ಒಂದೇ ಮುದ್ದೆ ಮಾಡ್ಬುಟ್ಟೆ,” ಅಂದಳು. “ನಾಟಕದಲ್ಲಿ ದ್ರೌಪದಿ ಪಾರ್ಟು ಮಾಡೋ ಬೇರೆ ಗಂಡಸರು ವೇಷ ಬಿಚ್ಚಿ ಹೆಂಡ್ತಿ ಮಕ್ಕಳತ್ರ ಹೋಗೋರು. ನಂಗೆ ವೇಷ ಬಿಚ್ಚಿದ ಮೇಲೇ ವೇಷ ಸುರುವಾಗೋದು ಕಣ್ಲಾ. ಪ್ಯಾಂಟು ಶರ್ಟೇ ನನ್ನ ವೇಷ.”

ಇಷ್ಟು ವರ್ಷ ಬರೆದ ನನಗೆ ಇದನ್ನು ಇಷ್ಟು ಸಲೀಸಾಗಿ ಹೇಳಿದವರಿಲ್ಲ!

ಹುಟ್ಟಿದಾಗ ಸೂಲಗಿತ್ತಿ ನೋಡಿ ಹೇಳುವುದು ದೇಹದ ಲಿಂಗ. ತಾನು ಹೆಣ್ಣೋ ಗಂಡೋ ಎಂದು ಒಳಗಿನ ಮನಸ್ಸು ಹೇಳುವುದು ಲಿಂಗತ್ವ. ಎರಡೂ ಹೊಂದದೆ ಇದ್ದವರು ಟ್ರಾನ್ಸ್‌ಜೆಂಡರ್. ಇವಳಂತೆ ಹೆಣ್ಣಾದವರು ಟ್ರಾನ್ಸ್ ಮಹಿಳೆ. ಹೆಣ್ಣೆಂದು ಬೆಳೆಸಿದರೂ ತಾನು ಗಂಡೆಂದು ಬಲ್ಲವರು ಟ್ರಾನ್ಸ್ ಪುರುಷ. ಅಂಥವರನ್ನು ನಮ್ಮ ಸಿನಿಮಾ ಇನ್ನೂ ಸರಿಯಾಗಿ ಕಂಡೇ ಇಲ್ಲ. ಹುಟ್ಟುವಾಗಲೇ ದೇಹದ ಲಕ್ಷಣ ಹೆಣ್ಣು ಗಂಡು ಎಂದು ಖಚಿತವಾಗಿ ಹೇಳಲು ಬಾರದವರು ಅಂತರಲಿಂಗಿಗಳು. ಅದು ಬೇರೆಯೇ ಮಾತು.

ಒಲವಿನ ಲೆಕ್ಕ ಇದ್ಯಾವುದಕ್ಕೂ ಸೇರಿದ್ದಲ್ಲ. ಗಂಡಸನ್ನು ಒಲಿದ ಗಂಡಸು ಗೇ, ಹೆಂಗಸನ್ನು ಒಲಿದ ಹೆಂಗಸು ಲೆಸ್ಬಿಯನ್, ಎರಡು ಕಡೆಗೂ ಮನಸ್ಸು ಹರಿದರೆ ಬೈಸೆಕ್ಷುಯಲ್. ಗೇ ಆದವನು ಗಂಡಸೇ. ಸೀರೆ ಉಡಬೇಕೆಂಬ ಆಸೆ ಅವನಿಗೆ ಇರಲೇಬೇಕೆಂದೇನಿಲ್ಲ. ಇವರಿಗೆಲ್ಲ ನಮ್ಮ ಪತ್ರಿಕೆಗಳು ‘ಸಲಿಂಗಕಾಮಿ’ ಅಂತ ಬರೆಯುತ್ತವೆ. ನನಗೊಂದು ಅನುಮಾನ: ನಾಯಕ ನಾಯಕಿ ಮರ ಸುತ್ತಿದರೆ ‘ಪ್ರೇಮ’, ಇವರಿಗೆ ಮಾತ್ರ ‘ಕಾಮ’ವೇ? ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆಯ 377ನೇ ಕಲಮಿನಿಂದ ಈ ಒಲವನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೊರತಂದಿತು. ಮದುವೆಯ ಹಕ್ಕು ಕೇಳಿದಾಗ ಮಾತ್ರ 2023ರ ಅಕ್ಟೋಬರ್ 17ರಂದು, ಅದು ಶಾಸನ ಸಭೆಗೆ ಬಿಟ್ಟ ವಿಷಯ ಅಂದುಬಿಟ್ಟಿತು. ಹಾಗಾಗಿ ಗಂಡ, ಹೆಂಡತಿ ಅನ್ನಲಾಗದವರು ‘ಸಂಗಾತಿ’, ‘ಪಾರ್ಟ್ನರ್’ ಅನ್ನುತ್ತಾರೆ.

ಮನೆಯವರ ಬಲವಂತಕ್ಕೆ ಹುಡುಗಿಯನ್ನು ಕಟ್ಟಿಕೊಂಡವರ ಕಥೆ? ಅದೇ 2023ರಲ್ಲಿ ಮಲಯಾಳಂನ ‘ಕಾದಲ್’ ಅದನ್ನೇ ಹೇಳಿತು. ಮಮ್ಮುಟ್ಟಿಯಂಥ ಮಮ್ಮುಟ್ಟಿ, ಗೇ ಗಂಡನ ಪಾತ್ರ ಮಾಡಿದರು! ಬಿಡುಗಡೆ ಕೇಳಿ ಕೋರ್ಟಿಗೆ ಹೋಗುವ ಹೆಂಡತಿ ಜ್ಯೋತಿಕಾ. ಹಾಳಾದದ್ದು ಎರಡು ಬಾಳು ಅನ್ನುವುದನ್ನು ಆ ಚಿತ್ರ ಮರೆಯಲಿಲ್ಲ. ಗಾಂಧಿನಗರದಲ್ಲಿ ಯಾವ ಸ್ಟಾರ್ ಒಪ್ಪಿಯಾರು? ನೀವೇ ಹೇಳಿ.

“ಮಂಗಳಮುಖಿ, ಹಿಜ್ರಾ, ಜೋಗತಿ... ಎಲ್ಲ ಒಂದೇನಾ?” ಕೇಳಿದೆ.

“ಹಿಜ್ರಾ ಅಂದ್ರೆ ನಮ್ಮ ಕಟ್ಟು. ಗುರು ಇರ್ತಾರೆ, ಚೇಲಾ ಇರ್ತಾರೆ, ಮನೆ ಅಂತ ಇರ್ತದೆ. ಎಲ್ಲ ಟ್ರಾನ್ಸು ಹಿಜ್ರಾ ಅಲ್ಲ. ಜೋಗತೀರು ಎಲ್ಲಮ್ಮನೋರು, ಉತ್ತರದ ಕಡೆಯೋರು. ಆಪರೇಷನ್ನಿಗೆ ನಾವು ನಿರ್ವಾಣ ಅಂತೀವಿ. ಕೋತಿ ಅಂತಾನೂ ಒಂದು ಪದ ಐತೆ. ಮಂಗ ಅಲ್ಲ, ನಗಬ್ಯಾಡ! ಹೆಣ್ಣಿನ ಸ್ವಭಾವದ ಗಂಡಿಗೆ ನಮ್ಮೋರು ಹಂಗಂತಾರೆ. ಮಂಗಳಮುಖಿ ಪೇಪರ್‌ನೋರ ಮಾತು. ಕೇಳಕ್ಕೆ ಚೆಂದವಾಗದೆ. ಹೆಸರಿಡಿದು ಕೂಗಿದ್ರೆ ಇನ್ನೂ ಚೆಂದ.”

ಆಪರೇಷನ್ ಆದರೇ ಹೆಣ್ಣು ಅಂತಲೂ ಇಲ್ಲ. ತಾನು ಯಾರೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದು, ಶಸ್ತ್ರಚಿಕಿತ್ಸೆಯ ಒತ್ತಾಯ ಸಲ್ಲದು ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ತೀರ್ಪಿತ್ತಿತು.

‘ಶಿಖಂಡಿ’ ಅನ್ನುವ ಬೈಗುಳಕ್ಕೆ ಅವಳು ಬೇಜಾರೇ ಮಾಡಿಕೊಳ್ಳುವುದಿಲ್ಲವಂತೆ. “ಭೀಷ್ಮನ್ನೇ ಮಲಗಿಸ್ದೋರು! ಕುರುಕ್ಷೇತ್ರ ಆಡೋ ಊರೋರಿಗೇ ಗೊತ್ತಿಲ್ವಲ್ಲ.” ಜೋಗತಿ ಅಂದಾಗ ನನಗೆ ಮಂಜಮ್ಮ ನೆನಪಾದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದ ಮಂಜಮ್ಮ ಜೋಗತಿ, 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗು ಹಿಡಿದು ರಾಷ್ಟ್ರಪತಿಗಳಿಗೇ ದೃಷ್ಟಿ ತೆಗೆದರಲ್ಲ! ನಮ್ಮೂರ ಗೌಡರು ನೋಟು ಚುಚ್ಚಿದ್ದೂ ಅಂಥದೇ ಒಂದು ಸೆರಗಿಗೆ.

ಕೆ.ಎಂ. ದೊಡ್ಡಿ ದಾಟಿತು. ಇಬ್ಬರೂ ಸುಮ್ಮನಿದ್ದೆವು.

“ಅರಳಿಕಟ್ಟೆ ಮೇಲೆ ಅವತ್ತು ಕೂಗಿದ್ದು ನಾನೇ,” ಅಂದೆ.

“ಗೊತ್ತು.” ಕಿಟಕಿಯ ಕಡೆಗೇ ನೋಡುತ್ತಿದ್ದಳು. “ನಿನ್ನ ದನಿ ನಂಗೆ ಗೊತ್ತಾಗ್ದಾ? ಉಳಿದೋರು ಕೂಗಿದ್ರೆ ಇಷ್ಟಾಗ್ತಿರ್ನಿಲ್ಲ. ಬದುವಿನ ಮೇಲೆ ನೀನೇ ನಂಗೆ ಕನ್ವರ್‌ಲಾಲ್.”

ನನಗೆ ಮಾತು ಹೊರಡಲಿಲ್ಲ. ಅವಳ ಫೋನು ಬಡಿದುಕೊಂಡಿತು. ಆ ಕಡೆ ಮುದಿ ದನಿ, ಬಸ್ಸಿನ ಸದ್ದಿನಲ್ಲೂ ಕೇಳಿಸಿತು: “ಎಲ್ಲಿದ್ದೀಯ್ಲಾ ಮಗ? ಮುದ್ದೆ ಆರೋಯ್ತದೆ.”

“ಬಂದೆ ಕಣವ್ವ,” ಅಂದು ಫೋನಿಟ್ಟಳು. ನನ್ನ ಮುಖ ನೋಡಿ ನಕ್ಕಳು. “ನಮ್ಮವ್ವಂಗೆ ಎಂಬತ್ತಾಯ್ತು, ಅವಳಿಗೊಂದು ರಿಯಾಯಿತಿ. ಪತ್ರಿಕೇಲಿ ಬರೆಯೋ ನಿಂಗಿಲ್ಲ.”

ಸ್ಟಾಪು ಬಂತು. ಸೆರಗು ಎಳೆದು ಸರಿಮಾಡಿಕೊಂಡು ಇಳಿದಳು. ಬಸ್ಸು ಹೊರಟ ಮೇಲೆ ನಾನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದೆ:

“ಹುಷಾರು ಕಣಮ್ಮಿ!”

ಬಸ್ಸಿನಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. ಅವಳು ತಿರುಗಲಿಲ್ಲ, ಕೈ ಮಾತ್ರ ಎತ್ತಿದಳು.