ಸಂಪು ಕಟ್ಟಿಸಲು ನಂಬಿಕಸ್ಥ ಮೇಸ್ತ್ರಿ

ರಾಬರ್ಟ್‌ಸನ್‌ಪೇಟೆಯಂಥ ಊರಿನಲ್ಲಿ ಸಂಪಿಲ್ಲದೆ ಸಂಸಾರ ನಡೆಯುವುದು ಕಷ್ಟ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಚಿನ್ನದ ಗಣಿಗಳ ಸಲುವಾಗಿ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಈ ಊರಿರುವ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ, ಅಂದರೆ ಕೆಜಿಎಫ್‌ಗೆ, ನೀರು ತರಲಾಯಿತು. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು, ಊರು ಉಳಿಯಿತು. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಈಗ ಯಾರಿಗೂ ಹೊಸದಲ್ಲ. ನಲ್ಲಿಯಲ್ಲಿ ಬಂದಾಗ ಹಿಡಿದ ನೀರು, ದುಡ್ಡು ಕೊಟ್ಟು ತರಿಸಿದ ಟ್ಯಾಂಕರ್ ನೀರು ಎರಡೂ ಸೇರುವುದು ಸಂಪಿಗೇ. ತಾರಸಿ ಸೋರಿದರೆ ಕಣ್ಣಿಗೆ ಬೀಳುತ್ತದೆ. ಸಂಪು ಸೋರಿದರೆ ನೀರು ಮಣ್ಣಿಗಿಳಿಯುತ್ತದೆ, ಎಷ್ಟೋ ತಿಂಗಳು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ಮೇಸ್ತ್ರಿಯನ್ನಾಗಲಿ ಕಂಟ್ರಾಕ್ಟರನ್ನಾಗಲಿ ಗೊತ್ತುಮಾಡುವಾಗ ರೇಟಿಗಿಂತ ಮೊದಲು ನೋಡಬೇಕಾದ್ದು ಬೇರೆ ಇದೆ.

ಮೊದಲನೆಯದು ಅವನು ಹಿಂದೆ ಕಟ್ಟಿದ ಸಂಪು. ಮೊಬೈಲಿನಲ್ಲಿ ತೋರಿಸುವ ಫೋಟೊದಿಂದ ಏನೂ ತಿಳಿಯದು. ಕಟ್ಟಿ ಮೂರು ನಾಲ್ಕು ವರ್ಷವಾದ ಮನೆಗೆ ಹೋಗಿ, ಬೇಸಿಗೆಯಲ್ಲಿ ಖಾಲಿಯಾಗಿ ಮತ್ತೆ ತುಂಬಿದಾಗ ನೀರು ನಿಂತಿತೇ ಎಂದು ಮನೆಯವರನ್ನೇ ಕೇಳಬೇಕು. ಸಂಪು ತುಂಬಿದಾಗ ನೀರು ಗೋಡೆಯನ್ನು ಹೊರಕ್ಕೆ ಒತ್ತುತ್ತದೆ, ಖಾಲಿಯಾದಾಗ ಸುತ್ತಲ ಮಣ್ಣು ಒಳಕ್ಕೆ ಒತ್ತುತ್ತದೆ. ಈ ಎರಡೂ ಒತ್ತಡವನ್ನು ಹಲವು ಸಲ ತಡೆದ ಗೋಡೆಯೇ ಅವನ ಕೈಕೆಲಸಕ್ಕೆ ಸಾಕ್ಷಿ. ಸಾಧ್ಯವಾದರೆ ಈಗ ನಡೆಯುತ್ತಿರುವ ಒಂದು ಕೆಲಸವನ್ನೂ ನೋಡುವುದು ಒಳ್ಳೆಯದು. ನಿನ್ನೆ ಹಾಕಿದ ಕಾಂಕ್ರೀಟು ಇಂದು ಒಣಗಿ ಬೆಳ್ಳಗೆ ಕಾಣುತ್ತಿದ್ದರೆ ಅಲ್ಲಿ ಕ್ಯೂರಿಂಗ್ ಆಗುತ್ತಿಲ್ಲ ಎಂದೇ ಅರ್ಥ.

ಜಾಗ ನೋಡಲು ಬಂದಾಗ ಒಳ್ಳೆಯ ಮೇಸ್ತ್ರಿ ಮಾತಿಗಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಾನೆ. ಪಕ್ಕದ ಮನೆಯ ಪಾಯ ಎಷ್ಟು ದೂರ, ಎಷ್ಟು ಆಳ? ಶೌಚದ ಪಿಟ್ ಎಲ್ಲಿದೆ? ನೆಲ ಮೂಲ ಮಣ್ಣಿನದೋ, ತುಂಬಿಸಿದ್ದೋ? ಗೋಡೆಗೆ ಗೋಡೆ ತಾಗಿದ ಪೇಟೆಯ ನಿವೇಶನಗಳಲ್ಲಿ ಆರಡಿ ಅಗೆಯುವಾಗ ನೆರೆಮನೆಯ ಪಾಯ ಕುಸಿಯುವ ಅಪಾಯ ನಿಜವಾದದ್ದು. ಇಲ್ಲಿಯ ಇನ್ನೊಂದು ವಿಶೇಷ ಸೈನೈಡ್ ದಿಬ್ಬಗಳು. ಚಿನ್ನ ತೆಗೆದ ಮೇಲೆ ಉಳಿದ ಆ ನುಣುಪು ಪುಡಿ ಕಣ್ಣಿಗೆ ಮರಳಿನಂತೆ ಕಂಡರೂ ಕಾಂಕ್ರೀಟಿಗಾಗಲಿ ಗಾರೆಗಾಗಲಿ ಸೇರಕೂಡದು. ಅದು ಕಾಂಕ್ರೀಟಿನ ಬಲ ಕಡಿಮೆ ಮಾಡುತ್ತದೆ, ಕುಡಿಯುವ ನೀರಿನ ತೊಟ್ಟಿಗಂತೂ ಅದರ ಸಂಪರ್ಕವೇ ಬೇಡ. ಅಗ್ಗದ ಮರಳು ಎಲ್ಲಿಂದ ಬಂತೆಂದು ಹೇಳಲಾಗದವನನ್ನು ಅಲ್ಲಿಗೇ ಬಿಡುವುದು ಲೇಸು.

ಹೆಚ್ಚಿನ ಜಗಳ ಹುಟ್ಟುವುದು ಎರಡು ಕಡೆ. ಒಂದು, ಬಂಡೆ. ನಾಲ್ಕಡಿ ಅಗೆದ ಮೇಲೆ ಕಲ್ಲು ಸಿಕ್ಕಿತೆಂದು ಕೆಲಸ ನಿಲ್ಲಿಸಿ ಹೆಚ್ಚು ಹಣ ಕೇಳುವುದುಂಟು. ಬಂಡೆ ಬಂದರೆ ಬ್ರೇಕರ್‌ಗೆ ಗಂಟೆಗೆಷ್ಟು, ಅದನ್ನು ಯಾರು ಕೊಡಬೇಕು ಎಂಬುದು ಮೊದಲ ಗುದ್ದಲಿ ಬೀಳುವ ಮುನ್ನ ಕಾಗದದಲ್ಲಿರಬೇಕು. ಇನ್ನೊಂದು, ಅಳತೆ. ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಎಂಟಡಿ ಉದ್ದ, ಆರಡಿ ಅಗಲ, ಆರಡಿ ಆಳದ ಗುಂಡಿಯ ಲೆಕ್ಕ ಹಿಡಿದರೆ 8,150 ಲೀಟರ್ ಆಗುತ್ತದೆ. ಸುತ್ತ ಒಂಬತ್ತು ಇಂಚಿನ ಗೋಡೆ ಎದ್ದ ಮೇಲೆ ಒಳಗೆ ಉಳಿಯುವುದು ಆರೂವರೆ ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಆಳ ಹಾಗೇ ಇದ್ದರೂ 5,000 ಲೀಟರ್ ಮುಟ್ಟುವುದಿಲ್ಲ. ಆದ್ದರಿಂದ ಒಪ್ಪಂದದಲ್ಲಿ ಬರೆಯಬೇಕಾದ್ದು ಪ್ಲಾಸ್ಟರಿಂಗ್ ಆದ ನಂತರದ ಒಳ ಅಳತೆ.

ಸಾಮಾನಿನ ವಿಷಯದಲ್ಲಿ ನೀರು ನಿಲ್ಲಿಸುವ ಕಾಂಕ್ರೀಟ್ ರಚನೆಗಳಿಗೆ ಭಾರತೀಯ ಮಾನದಂಡ ಐಎಸ್ 3370 ಇದೆ. ಮನೆಯ ಸಂಪಿಗೆ ಎಂ-25ಕ್ಕಿಂತ ಕಡಿಮೆ ದರ್ಜೆಯ ಕಾಂಕ್ರೀಟ್ ಸಲ್ಲದು. ಸೋರಿಕೆ ಶುರುವಾಗುವುದು ಬಹುಮಟ್ಟಿಗೆ ತಳವೂ ಗೋಡೆಯೂ ಕೂಡುವ ಸಂದಿಯಲ್ಲಿ. ತಳದ ಕಂಬಿಯನ್ನು ಗೋಡೆಗೆ ಹೇಗೆ ಏರಿಸುತ್ತೀರಿ, ಮೂಲೆಗೆ ಏನು ಮಾಡುತ್ತೀರಿ ಎಂದು ಕೇಳಿದರೆ ಬಲ್ಲವನು ನಿಂತಲ್ಲೇ ವಿವರಿಸುತ್ತಾನೆ. ವಾಟರ್‌ಪ್ರೂಫ್ ಪುಡಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಉತ್ತರ ಸಾಲದು, ಕೆಟ್ಟ ಕಾಂಕ್ರೀಟನ್ನು ಯಾವ ಪುಡಿಯೂ ಉಳಿಸುವುದಿಲ್ಲ.

ಹಣವನ್ನು ಕೆಲಸದ ಹಿಂದೆ ಹಿಂದೆ ಕೊಡಬೇಕು. ಅಗೆತ, ತಳ, ಗೋಡೆ, ಮುಚ್ಚಳ ಹೀಗೆ ಒಂದೊಂದು ಹಂತ ಮುಗಿದಂತೆ ಕಂತು, ಕೊನೆಯ ಹತ್ತನೇ ಒಂದು ಪಾಲು ನೀರಿನ ಪರೀಕ್ಷೆಯ ನಂತರ. ಪರೀಕ್ಷೆ ಸರಳ. ಸಂಪು ತುಂಬಿಸಿ, ಕಾಂಕ್ರೀಟು ನೀರು ಹೀರಿಕೊಳ್ಳಲು ಒಂದು ವಾರ ಬಿಟ್ಟು, ಮಟ್ಟಕ್ಕೆ ಗುರುತು ಹಾಕಿ ಇನ್ನೊಂದು ವಾರ ನೋಡಬೇಕು. ಈಜುಕೊಳದಂಥ ತೆರೆದ ತೊಟ್ಟಿಯಲ್ಲಿ ನೀರು ಆವಿಯಾಗುವುದರಿಂದ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಮುಚ್ಚಿದ ಸಂಪಿನಲ್ಲಿ ಆವಿಯ ನೆಪ ನಡೆಯದು.

ಎಲ್ಲಕ್ಕಿಂತ ದೊಡ್ಡ ವಿಷಯ ಆಳುಗಳ ಜೀವ. ಮುಚ್ಚಳದ ಕಾಂಕ್ರೀಟ್ ಹಾಕಿದ ಮೇಲೆ ಕೆಲವು ವಾರ ಒಳಗಿನ ಸೆಂಟ್ರಿಂಗ್ ಮರ ಹಾಗೇ ಇರುತ್ತದೆ. ತಳದಲ್ಲಿ ನಿಂತ ನೀರಿನಲ್ಲಿ ಒದ್ದೆ ಮರ ಕೊಳೆತು ಒಳಗಿನ ಆಮ್ಲಜನಕ ಇಳಿದುಹೋಗುತ್ತದೆ. ಹಲಗೆ ಬಿಚ್ಚಲು ಇಳಿದವನು ಕೂಗಲೂ ಆಗದೆ ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಕರ್ನಾಟಕದಲ್ಲಿ ಇಂಥ ಸಾವುಗಳು ಮತ್ತೆ ಮತ್ತೆ ಸುದ್ದಿಯಾಗಿವೆ. ಎರಡು ಕಡೆ ಬಾಯಿ ಬಿಟ್ಟು, ಬ್ಲೋವರ್‌ನಿಂದ ಗಾಳಿ ಊದಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಕಾವಲಿಗೆ ಜನ ನಿಲ್ಲಿಸಿಯೇ ಆಳನ್ನು ಇಳಿಸುವ ಮೇಸ್ತ್ರಿ ಸ್ವಲ್ಪ ದುಬಾರಿಯಾದರೂ ಅವನನ್ನೇ ಆರಿಸಬೇಕು. ಮೊದಲ ದಿನವೇ ಬಾಯಿಗೆ ಬೀಗದ ಮುಚ್ಚಳ ಕೂರಿಸುವುದೂ ಅವನ ಕೆಲಸವೇ, ತೆರೆದ ಸಂಪು ಮಕ್ಕಳ ಪಾಲಿಗೆ ಬಾವಿ.

ಇಷ್ಟಾದರೂ ಕೆಲಸ ಕೆಟ್ಟರೆ ದಾರಿಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಸೇವೆಯೇ. ಕೋಲಾರದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ವಕೀಲರಿಲ್ಲದೆಯೂ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವ್ಯಾಜ್ಯ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಅಲ್ಲಿ ಕೈಹಿಡಿಯುವುದು ಸಹಿಯಾದ ಒಪ್ಪಂದ, ಬಿಲ್ಲು, ಹಣ ಕೊಟ್ಟ ರಸೀದಿ. ಅವನ್ನು ಜೋಪಾನವಾಗಿ ತೆಗೆದಿಡಿ.